ಮೇಜಿನ ಮೇಲಿನ ಮನೆ

ಒಳ್ಳೆಯ ಕೆಲಸ ಮಾಡುವವರ ಮೇಲೇ ತನಗೆ ಅನುಮಾನ ಬರುತ್ತದಲ್ಲ, ತನ್ನ ಮನಸ್ಸೇ ಕೊಳಕಿರಬೇಕು ಎಂಬ ಹೆದರಿಕೆ ಗಿರಿಯಮ್ಮನಿಗೆ ದೀಪಾವಳಿಯಿಂದ ಈಚೆಗೆ ಅಂಟಿಕೊಂಡಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಹಾಸ್ಟೆಲ್ಲಿನ ಟ್ರಂಕಿನ ಮೇಲೆ ಡೈರಿ ಬಿಡಿಸಿಟ್ಟುಕೊಂಡು, "ಮೂರ್ತಪ್ಪ ಮೇಷ್ಟ್ರು ನನಗೆ ಕೆಲಸ ಕೊಟ್ಟವರು. ಅಣ್ಣ ನನ್ನನ್ನು ಓದಿಸಿದವನು. ಇವರಿಬ್ಬರನ್ನೂ ನಾನು ಕಳ್ಳರನ್ನು ನೋಡಿದ ಹಾಗೆ ನೋಡುತ್ತಿದ್ದೇನೆ" ಎಂದು ಬರೆದಳು. ಬರೆದದ್ದನ್ನು ಓದಿ ನಾಚಿಕೆಯಾಗಿ ಹೊಡೆದು ಹಾಕಿದಳು. ಹೊಡೆದು ಹಾಕಿದರೂ ಅನುಮಾನ ಹೋಗಲಿಲ್ಲ.

ಅವಳು ಹಿರಿಯೂರು ಕಡೆಯ ಒಂದು ಗೊಲ್ಲರ ಹಟ್ಟಿಯ ಹುಡುಗಿ. ಮಾರಿಕಣಿವೆಯ ಹಿನ್ನೀರಿನ ಮೇಲಿನ ದಿಬ್ಬದಲ್ಲಿ, ಕಾರೆಮುಳ್ಳಿನ ಬೇಲಿಯೊಳಗೆ ಒಂದಷ್ಟು ಮನೆ, ಒಂದು ಗುಡಿ, ಕುರಿ ಕೂಡುವ ರೊಪ್ಪ. ಅಲ್ಲಿಂದ ದುರ್ಗಕ್ಕೆ ಬಂದು ಬಿ.ಎ. ಮುಗಿಸಿದ ಮೊದಲ ಹೆಣ್ಣು ಇವಳೇ. ಮುಗಿಸಿದ ಮೇಲೆ ಸಂತೆಪೇಟೆಯ ಅಟ್ಟದ ಮೇಲಿದ್ದ ಅರುಣೋದಯ ಸೇವಾ ಸಂಘದಲ್ಲಿ ಕಾಗದ ಪತ್ರ ಬರೆಯುವ ಕೆಲಸ ಸಿಕ್ಕಿ, ಹಳೆಯ ಹಾಸ್ಟೆಲ್ಲಿನಲ್ಲೇ ಉಳಿದುಕೊಂಡಿದ್ದಳು. ಸಂಘಕ್ಕೆ ಕಾರ್ಯದರ್ಶಿ ಮೂರ್ತಪ್ಪ ಮೇಷ್ಟ್ರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೂ ಎದುರಿಗೆ ಬಂದವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುವ ಹಾಗೆ ನೋಡುತ್ತಿದ್ದ ಮನುಷ್ಯ. ಅಧ್ಯಕ್ಷೆ ಅನ್ನಪೂರ್ಣಮ್ಮ, ಹತ್ತಿ ಮಿಲ್ಲಿನ ಸಾಹುಕಾರರ ಹೆಂಡತಿ, ದೊಡ್ಡ ಕುಂಕುಮ, ದೊಡ್ಡ ದನಿ, ದೊಡ್ಡ ಮನಸ್ಸು.

ತುರ್ತುಪರಿಸ್ಥಿತಿ ಮುಗಿದು ಜನ ಮತ್ತೆ ಬಾಯಿಬಿಟ್ಟು ಮಾತಾಡಲು ಶುರುಮಾಡಿದ್ದ ಕಾಲ ಅದು. ನಾಗರಿಕ ಹಕ್ಕು ಎಂಬ ಮಾತು ಪತ್ರಿಕೆಯಲ್ಲೂ ಇತ್ತು, ಹೋಟೆಲಿನ ಬೆಂಚಿನ ಮೇಲೂ ಇತ್ತು. ಸಂಘದವರೂ ಒಂದು ಸಂಜೆ ಏರ್ಪಾಡು ಮಾಡಿದ್ದರು. ಊರಿನ ದೊಡ್ಡವರು ಟಿಕೆಟ್ ಕೊಂಡು ಬರುವುದು, ಹಾಡು, ಭಾಷಣ, ಕೊನೆಗೆ ಊಟ. ಬಂದ ಹಣವೆಲ್ಲ ಹಟ್ಟಿಯ ಹೆಣ್ಣುಮಕ್ಕಳಿಗಾಗಿ ಕಟ್ಟುವ ಒಂದು ಮನೆಗೆ. ಅದೇ ವೇದಿಕೆಯಲ್ಲಿ "ಹಟ್ಟಿಯ ಹೆಣ್ಣುಮಕ್ಕಳ ಹಕ್ಕಿಗಾಗಿ ದುಡಿದ ಯುವ ನಾಯಕ"ನಿಗೆ ಸನ್ಮಾನ. ಯುವ ನಾಯಕ ಬೇರೆ ಯಾರೂ ಅಲ್ಲ, ಗಿರಿಯಮ್ಮನ ಅಣ್ಣ ಚಿತ್ತಪ್ಪ.

ಆಹ್ವಾನ ಪತ್ರಿಕೆಯ ಪ್ರೂಫು ತಿದ್ದುವಾಗಲೇ ಅವಳ ಕೈ ನಿಂತಿತ್ತು. ಅಣ್ಣ ಯಾವ ಹಕ್ಕಿಗೆ ಯಾವಾಗ ದುಡಿದ? ದಸರೆಗೆ ಊರಿಗೆ ಹೋದಾಗ ಅವಳು ತಿಂಗಳ ಹೊರಗಾಗಿದ್ದಳು. ಚೀಲ ಹಿಡಿದುಕೊಂಡು ಬೇಲಿಯ ಬಾಗಿಲಲ್ಲಿ ನಿಂತವಳನ್ನು ಕಂಡು ಇದೇ ಅಣ್ಣ ಕಂಬಳಿಯೊಂದನ್ನು ದೂರದಿಂದ ಎಸೆದು, "ಹೊಂಗೆ ಮರದ ತಾವ ಇರು, ಅವ್ವ ಮುದ್ದೆ ತರ್ತಾಳೆ" ಅಂದಿದ್ದ. ಹಟ್ಟಿಯಲ್ಲಿ ಅದು ಹೊಸದಲ್ಲ. ಬೇಲಿಯೊಳಗೆ ದೇವರು ಓಡಾಡುತ್ತಾನೆ, ಅಲ್ಲಿಗೆ ಚಪ್ಪಲಿ ಬರಬಾರದು, ಮುಟ್ಟಾದವಳು ಬರಬಾರದು, ಹೆತ್ತವಳು ಬರಬಾರದು. ಬಾಣಂತಿಯೂ ಕೂಸೂ ಬೇಲಿಯಾಚೆ ಸೋಗೆಯ ಗುಡ್ಲಿನಲ್ಲಿ ಮೈಲಿಗೆಯ ದಿನ ಕಳೆಯುವವರೆಗೆ ಇರಬೇಕು. ಒಳಗಿನವರು ಅನ್ನ ನೀರು ತಂದು ದೂರದಲ್ಲಿಟ್ಟು ಹೋಗುತ್ತಾರೆ.

ಹಾಸ್ಟೆಲ್ಲಿಗೆ ಬಂದ ಮೊದಲ ತಿಂಗಳು ಗಿರಿಯಮ್ಮ ತಾನಾಗಿಯೇ ಚಾಪೆ ಎತ್ತಿಕೊಂಡು ವರಾಂಡಕ್ಕೆ ಹೋಗಿ ಕೂತಿದ್ದಳು. ವಾರ್ಡನ್ನಮ್ಮ ಬಂದು, "ಏನೇ ಹುಡುಗಿ, ಯಾರ ಮೇಲೆ ಸಿಟ್ಟು?" ಎಂದು ಕೇಳಿ, ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೈ ಹಿಡಿದೇ ಒಳಗೆ ಕರೆದುಕೊಂಡು ಹೋಗಿದ್ದರು. ಅವರು ಮುಟ್ಟಿದ ತನ್ನ ಕೈಯನ್ನು ಅವಳು ಬಹಳ ಹೊತ್ತು ನೋಡಿಕೊಂಡಿದ್ದಳು. ಆದರೂ ಊರಿಗೆ ಹೋದಾಗ ಯಾರಿಗೂ ಎದುರಾಡದೆ ಮರದ ಬುಡಕ್ಕೆ ಹೋಗಿ ಕೂರುತ್ತಿದ್ದಳು.

ಅಂಥ ಹಟ್ಟಿಯಲ್ಲಿ ಅಣ್ಣ ಏನೋ ಬದಲಾಯಿಸಿದ್ದಾನೆ ಎಂದರೆ ಅದು ಅವಳಿಗೆ ತಿಳಿಯದೆ ಹೇಗೆ ಇದ್ದೀತು?

ಮೊದಲು ದುಡ್ಡಿನ ಮೇಲೆ ಅನುಮಾನ ಬಂತು. ಮೇಷ್ಟ್ರು ಸಂಘದ ಕೆಲಸಕ್ಕೆ ಬಸ್ಸಿನಲ್ಲಿ ಹೋದರೂ ಟೀಗೆ ತಮ್ಮ ಜೇಬಿನಿಂದಲೇ ಕೊಡುವವರು. ಅಲ್ಲಿ ಹುಳುಕಿರಲಿಲ್ಲ. ಬೇರೆ ಏನೋ ಇತ್ತು. ಚಿತ್ತಪ್ಪ ಎರಡು ಸಲ ದುರ್ಗಕ್ಕೆ ಬಂದು ಮೇಷ್ಟ್ರ ಹತ್ತಿರ ಮಾತಾಡಿ, ತಂಗಿಯ ಮುಖ ನೋಡದೆ ಬಸ್ಸು ಹತ್ತಿದ್ದ. ಅವಳು ಒಳಗೆ ಬಂದರೆ ಇಬ್ಬರ ಮಾತೂ ಮಳೆಯ ಕಡೆಗೆ, ಕುರಿಯ ಕಡೆಗೆ ತಿರುಗುತ್ತಿತ್ತು. ಹಿಂದಿನ ಕೋಣೆಯ ಮೇಜಿನ ಮೇಲೆ ಬಿಳಿ ಪಂಚೆ ಹೊದಿಸಿದ್ದ ಯಾವುದೋ ವಸ್ತು ಇತ್ತು. ಕಸ ಗುಡಿಸಲು ಹೋದ ಗಿರಿಯಮ್ಮ ಪಂಚೆಯ ಅಂಚು ಎತ್ತುವಷ್ಟರಲ್ಲಿ ಮೇಷ್ಟ್ರು, "ಅದನ್ನ ಮುಟ್ಟಬೇಡಮ್ಮ, ಬಣ್ಣ ಆರಿಲ್ಲ" ಅಂದು ಬಾಗಿಲಿಗೆ ಬೀಗ ಹಾಕಿಸಿದ್ದರು.

ಸಮಾರಂಭದ ಹಿಂದಿನ ದಿನ ಅವಳು ಧೈರ್ಯ ಮಾಡಿದಳು. ಅನ್ನಪೂರ್ಣಮ್ಮ ಊಟದ ಲೆಕ್ಕಾಚಾರಕ್ಕೆ ಬಂದು ಕೂತಿದ್ದರು. ಇವಳ ಮುಖ ನೋಡಿ ಅವರೇ ಶುರುಮಾಡಿದರು.

"ಏನೇ ಗಿರಿಯಮ್ಮ, ಯಾಕೆ ಹಾಗೆ ಮುಖ ಗಂಟು ಹಾಕ್ಕೊಂಡಿದ್ದೀಯ? ನಿಮ್ಮಣ್ಣಂಗೆ ಶಾಲು ಹೊದಿಸ್ತೀವಿ ಕಣೇ, ನೇಣು ಹಾಕಲ್ಲ."

"ಅಲ್ಲಮ್ಮ... ಅಣ್ಣ ಏನು ಮಾಡಿದಾನೆ ಅಂತ..."

"ಏನು ಮಾಡಿದಾನೆ ಅಂದ್ರೆ!" ಅನ್ನಪೂರ್ಣಮ್ಮ ಕಣ್ಣರಳಿಸಿದರು. "ಹೆಂಗಸರನ್ನ ಆ ಗುಡಿಸಲಿಂದ ಬಿಡಿಸ್ತಿದ್ದಾನೆ. ನಿಮ್ಮೂರಲ್ಲಿ ಇನ್ಮೇಲೆ ಬಾಣಂತೀರು ಮಣ್ಣಲ್ಲಿ ಮಲಗಲ್ಲ. ಇಷ್ಟು ಸಾಲದಾ? ನಮ್ಮ ಮಿಲ್ಲಲ್ಲಿ ಇಷ್ಟು ಮಂದಿ ಗಂಡಸರಿದ್ದಾರೆ, ಒಬ್ಬನಿಗಾದ್ರೂ ಈ ಬುದ್ಧಿ ಇದೆಯಾ?"

"ಅಂದ್ರೆ ಬಾಣಂತೀನ ಮನೆ ಒಳಗೇ ಬಿಟ್ಕಳ್ತಾರಾ?"

ಅನ್ನಪೂರ್ಣಮ್ಮ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅದು ಕೊಳೆಯಾಗಿರಲಿಲ್ಲ.

"ನಾಳೆ ಎಲ್ಲ ತಿಳಿಯುತ್ತಮ್ಮ," ಅಂದರು. "ನೀನು ಹರಿವಾಣ ಹಿಡ್ಕೊಂಡು ನೆಟ್ಟಗೆ ನಿಲ್ಲು, ಅಷ್ಟು ಸಾಕು. ಅಸಿಸ್ಟೆಂಟ್ ಕಮಿಷನರ್ ಬರ್ತಾರೆ. ಏನಾದ್ರೂ ಕೇಳಿದ್ರೆ ನಾನು ಹೇಳ್ತೀನಿ."

ಅಣ್ಣ ನಿಜವಾಗಿ ಬೇಲಿಯನ್ನು ತೆರೆಸಿದ್ದರೆ ಮೇಷ್ಟ್ರು ಮೊದಲು ಹೇಳುತ್ತಿದ್ದದ್ದು ಅದನ್ನೇ ಅಲ್ಲವೇ? ಅತ್ತಿಗೆ ಹುಚ್ಚಕ್ಕ ಈಗ ಒಂಬತ್ತು ತುಂಬಿದ ಬಸುರಿ. ಹೋದ ಸಲ ಹೆತ್ತದ್ದು ಪುಷ್ಯ ಮಾಸದ ಚಳಿಯಲ್ಲಿ, ಅದೇ ಗುಡ್ಲಿನಲ್ಲಿ. ಕೂಸಿಗೆ ಹೆಸರಿಡುವ ಮೊದಲೇ ಹೋಯಿತು. ರಜೆಗೆ ಹೋಗಿದ್ದ ಗಿರಿಯಮ್ಮ ಬೇಲಿಯ ಒಳಗೆ ಮಲಗಿದ್ದು ಅದರ ಅಳು ಕೇಳಿದ್ದಳು. ಬೆಳಗಾಗುವಾಗ ಅಳು ನಿಂತದ್ದನ್ನೂ ಕೇಳಿದ್ದಳು. ಆ ದಿನದ ಡೈರಿಯ ಪುಟ ಖಾಲಿ.

ಮರುದಿನ ಮಧ್ಯಾಹ್ನ ಚಿತ್ತಪ್ಪ ಹೆಂಡತಿಯನ್ನು ಕರೆದುಕೊಂಡು ಹಿರಿಯೂರು ಬಸ್ಸಿನಲ್ಲಿ ಬಂದಿಳಿದ. ಬಸುರಿಯನ್ನು ಕರೆತರಬೇಕೆಂದು ಮೇಷ್ಟ್ರೇ ಹೇಳಿ ಕಳಿಸಿದ್ದರಂತೆ, ಸಭೆಯವರು ಕಣ್ಣಾರೆ ನೋಡಲಿ ಎಂದು. ಹುಚ್ಚಕ್ಕನನ್ನು ಸಭಾಂಗಣದ ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಹಸಿರು ಸೀರೆ, ತಲೆ ತುಂಬ ಕನಕಾಂಬರ, ಊದಿದ ಪಾದ. ಗಿರಿಯಮ್ಮ ಕಾಫಿ ಹಿಡಿದು ಹೋದಾಗ ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

"ಬಾರವ್ವ ಆಫೀಸರಮ್ಮ," ಅಂದಳು. "ಬಸ್ಸಿನಾಗೆ ಕಂಡಕ್ಟ್ರು ನನ್ ನೋಡಿ, ಒಂದೂವರೆ ಟಿಕೀಟ್ ಹರೀಲಾ ಅಂದ. ನಿಮ್ಮಣ್ಣ ನಗ್ಲೇ ಇಲ್ಲ. ಭಾಷ್ಣ ಬಾಯಿಪಾಠ ಮಾಡ್ಕಂತ ಕುಂತಿತ್ತು."

ಗಿರಿಯಮ್ಮ ಅವಳ ಪಕ್ಕ ಕೂತಳು. "ಅತ್ತಿಗೆ, ಈ ಸಲ ಒಳಗೇನಾ?"

"ಎಲ್ಲಿ ಒಳಗೆ?"

"ಹೆರಿಗೆ. ಮನೆ ಒಳಗೇನಾ ಅಂತ."

ಹುಚ್ಚಕ್ಕ ಕಾಫಿಯ ಲೋಟವನ್ನು ಕೆಳಗಿಟ್ಟಳು. "ಯಾರಂದ್ರು ನಿಂಗೆ? ಹೊಸ ಮನೆ ಕಟ್ತಾರಂತಲ್ಲ, ಅದೇ ನಮ್ ಗುಡ್ಲು ಹಾಕೋ ತಾವ, ಹೊಂಗೆ ಮರದ ಬುಡಕ್ಕೆ. ಕಲ್ಲು ಗೋಡೆ, ಹೆಂಚು, ಬಾಗ್ಲು ಚಿಲ್ಕ ಎಲ್ಲಾ ಐತಂತೆ. ಹೊರಗಾದೋರು, ಹೆತ್ತೋರು ಎಲ್ರೂ ಅಲ್ಲೇ ಇರಾದಂತೆ."

"ಬೇಲಿ ಆಚೆಗಾ?"

"ಮತ್ತಿನ್ನೇನು, ದೇವ್ರ ಗುಡಿ ಪಕ್ಕಕ್ಕೆ ಕಟ್ತಾರಾ?" ಎಂದು ಹುಚ್ಚಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಗಿರಿಯಮ್ಮನಿಗೆ ಈಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬೀಗ ಹಾಕಿದ ಕೋಣೆ, ಮಳೆಯ ಕಡೆಗೆ ತಿರುಗಿದ ಮಾತು, ಒರೆಸಿದ ಕನ್ನಡಕ. ಬೇಲಿ ಎಲ್ಲಿತ್ತೋ ಅಲ್ಲೇ ಇತ್ತು. ಹೆಣ್ಣುಮಕ್ಕಳು ಎಲ್ಲಿದ್ದರೋ ಅಲ್ಲೇ ಇರುವವರಿದ್ದರು. ಇನ್ನು ಕಲ್ಲಿನ ಮನೆ ಎದ್ದ ಮೇಲೆ ಅವರನ್ನು ಅಲ್ಲಿಂದ ಏಳಿಸುವವರು ಯಾರು? ಗುಡ್ಲಾದರೆ ಗಾಳಿಗೆ ಹಾರಿಹೋಗುತ್ತದೆ. ಕಲ್ಲು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ.

"ನಿಮ್ಮಣ್ಣ ಒಳ್ಳೇದ್ಕೇ ಮಾಡ್ಯಾನೆ," ಹುಚ್ಚಕ್ಕ ತನಗೇ ಹೇಳಿಕೊಳ್ಳುವಂತೆ ಅಂದಳು. "ಗುಡ್ಲು ಸೋರ್ತೈತೆ, ಮನೆ ಸೋರಾಕಿಲ್ಲ. ಆದ್ರೆ ಗೋಡೆ ಎಷ್ಟು ಗಟ್ಟಿ ಇದ್ರೇನು, ಅಲ್ಲಿ ನಾನು ಒಬ್ಳೇ ತಾನೆ? ಆವತ್ತು ಕೂಸು ತಣ್ಣಗಾಗ್ತಿದ್ರೆ ಅತ್ತೆ ಬೇಲಿ ಒಳಗೇ ನಿಂತ್ಕಂಡು ಎದೆ ಬಡ್ಕಂತಿತ್ತು. ಬಂದು ಮುಟ್ಟಂಗಿಲ್ಲ. ನಂಗೆ ನಮ್ಮನೆ ಒಲೆ ಮುಂದೆ ಹೆರಬೇಕು ಅನ್ನಿಸ್ತೈತೆ ಗಿರಿಯವ್ವ, ಅತ್ತೆ ಕೈ ಹಿಡ್ಕಂಡು. ಯಾರ್ ಮುಂದೆ ಹೇಳ್ಲಿ?"

"ಅಣ್ಣಂಗೆ ಹೇಳು."

"ನೀನು ಹದಿನಾಲ್ಕ್ ಕಿಲಾಸು, ಅದರ ಮೇಲೂ ಏನೇನೋ ಓದ್ದೋಳು. ನೀನೇ ಚೀಲ ಹಿಡ್ಕಂಡು ಮರದ ಬುಡಕ್ಕೆ ಹೋಗಿ ಕುಂತ್ಕಂತೀಯ. ನಾನು ಹೇಳ್ಬೇಕಾ?" ಹುಚ್ಚಕ್ಕನ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೋಟ ಎತ್ತಿ ಕಾಫಿ ಕುಡಿದಳು. "ಸಕ್ರೆ ಜಾಸ್ತಿ ಹಾಕ್ಯಾರೆ ನಿಮ್ ಪ್ಯಾಟೆ ಜನ."

ಚಿತ್ತಪ್ಪ ಹೊರಗೆ ಹಜಾರದ ಮೂಲೆಯಲ್ಲಿ ನಿಂತು ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕುರಿ ಹಿಂದೆ ಬಿಸಿಲಲ್ಲಿ ಅಲೆದು ಕಪ್ಪಾದ ಕೊರಳಿಗೆ ಆ ಬಿಳಿ ಕಾಲರು ಒಗ್ಗಿರಲಿಲ್ಲ. ತಂಗಿಯನ್ನು ಕಂಡವನೇ ಜಾರಿಕೊಳ್ಳಲು ನೋಡಿದ. ಗಿರಿಯಮ್ಮ ದಾರಿಗೆ ಅಡ್ಡ ನಿಂತಳು.

"ಅಣ್ಣಾ, ಆ ಮನೆ ಬೇಲಿ ಆಚೆಗಂತೆ, ಹೌದಾ?"

"ಮೆಲ್ಲಕ್ಕೆ ಮಾತಾಡು."

"ಹೌದಾ?"

"ಹೌದು ಕಣೆ. ಒಳಗೆ ಅಂದ್ರೆ ಪೂಜಾರಪ್ಪ, ಗೌಡ್ರು ಎಲ್ಲಾ ಸೇರ್ಕಂಡು ನನ್ನೇ ಆಚೆಗಾಕ್ತಾರೆ. ಗುಡ್ಲು ಬ್ಯಾಡ, ಮನೆ ಕಟ್ಸಾಣ ಅಂತ ಒಪ್ಸಾಕೆ ಎರಡು ವರ್ಸ ಹಿಡೀತು. ಎಷ್ಟು ಕಾಲ್ ಹಿಡಿದೀನಿ ನಿಂಗೊತ್ತಾ? ಗುಡ್ಲಿಗಿಂತ ಮನೆ ವಾಸಿ ಅಲ್ಲೇನು?"

ಅವನ ಮಾತು ಸುಳ್ಳಾಗಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ಕಳ್ಳನನ್ನು ಹಿಡಿಯಲು ಹೋದವಳಿಗೆ ಎದುರಲ್ಲಿ ಸಿಕ್ಕಿದ್ದು ಸೋತು ಸುಣ್ಣವಾದ ಅಣ್ಣ.

"ಮನೆ ಏಳೋದು ಯಾವಾಗ?"

"ಬೇಸಿಗೇಗೆ."

"ಅತ್ತಿಗೆ ಹೆರೋದು ಈ ತಿಂಗಳು."

ಚಿತ್ತಪ್ಪ ಮತ್ತೆ ಅಂಗಿಗೆ ಕೈ ಹಾಕಿದ. ಗುಂಡಿಯೊಂದು ಎಷ್ಟು ಹಾಕಿದರೂ ಬಿಚ್ಚಿಕೊಳ್ಳುತ್ತಿತ್ತು.

"ಅಂದ್ರೆ ಈ ಸಲಾನೂ ಗುಡ್ಲೇ."

"ದೇವ್ರಿದಾನೆ." ಅವನು ತಲೆ ಎತ್ತಿದ. "ಇವತ್ತೊಂದಿನ ಸುಮ್ಕಿರೇ ಗಿರಿ. ಸುಮ್ಕಿರಾದು ನಿಂಗೇನು ಹೊಸದಾ?"

ಅಷ್ಟರಲ್ಲಿ ಹಾರದ ಬುಟ್ಟಿ ಹಿಡಿದುಕೊಂಡು ಮೂರ್ತಪ್ಪ ಮೇಷ್ಟ್ರು ಬಂದರು. ಇಬ್ಬರ ಮುಖ ನೋಡಿ ಅವರಿಗೆ ತಿಳಿದುಹೋಯಿತು. ಬುಟ್ಟಿಯನ್ನು ಕಿಟಕಿಯ ಮೇಲಿಟ್ಟರು.

"ನಿಮಗೂ ಗೊತ್ತಿತ್ತಾ ಸಾರ್?" ಗಿರಿಯಮ್ಮ ಕೇಳಿದಳು.

"ಗೊತ್ತಿತ್ತು. ಅನ್ನಪೂರ್ಣಮ್ಮನವರಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ." ಮೇಷ್ಟ್ರು ದನಿ ತಗ್ಗಿಸಿದರು. "ನೋಡಮ್ಮ, ಬೇಲಿ ವಿಷಯ ಎತ್ತಿದರೆ ಪೇಟೆಯವರು, ಇದೆಂಥಾ ಹಕ್ಕು ಅಂತ ಕೇಳ್ತಾರೆ. ಹಟ್ಟಿಯವರು, ನಮ್ಮ ದೇವರ ಸುದ್ದಿ ನಿಮಗ್ಯಾಕೆ ಅಂತಾರೆ. ಇಬ್ಬರೂ ಮುನಿಸಿಕೊಂಡರೆ ಒಂದು ಕಲ್ಲೂ ಏಳಲ್ಲ. ಮೊದಲು ಗೋಡೆ ಏಳಲಿ. ಹಕ್ಕು ಆಮೇಲೆ ತಾನಾಗಿ ಬರುತ್ತೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ, ನನ್ನ ಮಾತು ನಂಬು."

ನಂಬಬಹುದಿತ್ತು. ಅವರು ಕೆಟ್ಟವರಾಗಿದ್ದರೆ ನಂಬದೆ ಇರುವುದು ಸುಲಭವಾಗುತ್ತಿತ್ತು. ಗಿರಿಯಮ್ಮ ತಲೆ ಬಗ್ಗಿಸಿಕೊಂಡು ಹರಿವಾಣ ತರಲು ಹೋದಳು.

ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಮಿಲ್ಲಿನವರು, ವಕೀಲರು, ಹೊಳಲ್ಕೆರೆ ಹೊಸದುರ್ಗದಿಂದ ಕಾರು ಮಾಡಿಕೊಂಡು ಬಂದ ಅಡಿಕೆ ಸಾಹುಕಾರರು, ಅವರ ರೇಷ್ಮೆ ಸೀರೆಯ ಹೆಂಡಂದಿರು. ಹಿಂದಿನ ಅಂಗಳದಿಂದ ಕೇಸರಿಬಾತಿನ ತುಪ್ಪದ ವಾಸನೆ ಬರುತ್ತಿತ್ತು. ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಅನ್ನಪೂರ್ಣಮ್ಮ ಮೈಕೇ ಬೇಕಿಲ್ಲದ ದನಿಯವರು, ಆದರೂ ಮೈಕು ಹಿಡಿದು, "ನಮ್ಮ ಜಿಲ್ಲೆಯ ಒಂದು ಹಟ್ಟಿಯಲ್ಲಿ ಇನ್ನು ಮುಂದೆ ತಾಯಂದಿರು ಹೊರಗಿರೋದಿಲ್ಲ!" ಎಂದರು. ಚಪ್ಪಾಳೆ ಸೂರಿಗೆ ಬಡಿಯಿತು. ಮೇಷ್ಟ್ರು ಕೆಮ್ಮಿದರು. ಚಿತ್ತಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. ಮುಂದಿನ ಸಾಲಿನ ತುದಿಯಲ್ಲಿ ಕೂರಿಸಿದ್ದ ಹುಚ್ಚಕ್ಕನ ಕಡೆ ಜನ ತಿರುಗಿ ತಿರುಗಿ ನೋಡಿದರು. ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಗಿರಿಯಮ್ಮ ಹರಿವಾಣ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ ಪಂಚೆ ಹೊದಿಸಿದ್ದ ಆ ಮೇಜನ್ನು ಮುಂದಕ್ಕೆ ತಂದರು. ಮುಖ್ಯ ಅತಿಥಿಯಾಗಿ ಬಂದಿದ್ದ ಅಸಿಸ್ಟೆಂಟ್ ಕಮಿಷನರ್ ಎದ್ದು ಪಂಚೆ ಸರಿಸಿದರು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಅಧಿಕಾರಿ.

ರಟ್ಟಿನಿಂದ ಮಾಡಿದ ಪುಟ್ಟ ಮನೆ. ಕೆಂಪು ಬಳಿದ ಹೆಂಚು, ನೀಲಿ ಬಾಗಿಲು, ಅಂಗಳಕ್ಕೆ ಹಸಿರು ಬಣ್ಣ ಕಲಸಿ ಹರಡಿದ ಮರದ ಹೊಟ್ಟು. ಬಾಗಿಲಲ್ಲಿ ಕಂಕುಳಲ್ಲಿ ಕೂಸಿರುವ ಮಣ್ಣಿನ ಬೊಂಬೆ. ಒಂದು ಮರ ಕೂಡ ಇತ್ತು. ಮುಳ್ಳಿನ ಬೇಲಿ ಮಾತ್ರ ಎಲ್ಲೂ ಇರಲಿಲ್ಲ. ಹಟ್ಟಿಯೂ ಇರಲಿಲ್ಲ. ಮೇಜಿನ ಅಂಚು ಬಂದರೆ ಲೋಕವೇ ಮುಗಿದ ಹಾಗೆ.

"ಚೆನ್ನಾಗಿದೆ, ಬಹಳ ಚೆನ್ನಾಗಿದೆ," ಅಧಿಕಾರಿ ಬಗ್ಗಿ ನೋಡಿದರು. ಎದುರಿನ ಮೈಕಿನಲ್ಲಿ ಅವರ ಮಾತು ಎಲ್ಲರಿಗೂ ಕೇಳುತ್ತಿತ್ತು. "ಹಟ್ಟಿಯ ಉಳಿದ ಮನೆಗಳು ಇದಕ್ಕೆ ಯಾವ ಕಡೆ ಬರುತ್ತವೆ?"

"ಹತ್ತಿರದಲ್ಲೇ ಸಾರ್, ಕೂಗಳತೆ," ಮೇಷ್ಟ್ರು ಥಟ್ಟನೆ ಅಂದರು.

ಅಧಿಕಾರಿ ಪಕ್ಕಕ್ಕೆ ತಿರುಗಿದರು. "ನೀವು ಅದೇ ಹಟ್ಟಿಯವರಂತಲ್ಲಮ್ಮ, ಗ್ರಾಜುಯೇಟ್ ಅಂತೆ. ನೀವೇ ತೋರಿಸಿ. ನಿಮ್ಮ ಮನೆ ಇದರಲ್ಲಿ ಎಲ್ಲಿ?"

ಮೇಷ್ಟ್ರು ಕನ್ನಡಕ ತೆಗೆದರು. "ಹುಡುಗಿಗೆ ಸ್ವಲ್ಪ ನಾಚಿಕೆ ಸಾರ್..."

"ಪಕ್ಕದಲ್ಲೇ ಸಾರ್" ಎಂಬ ಮಾತು ಗಿರಿಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದುಬಿಟ್ಟರೆ ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಅಣ್ಣ ಶಾಲು ಹೊದ್ದುಕೊಂಡು ಮರ್ಯಾದೆಯಿಂದ ಊರಿಗೆ ಹೋಗುತ್ತಿದ್ದ. ಬೇಸಿಗೆಗೆ ಗೋಡೆ ಏಳುತ್ತಿತ್ತು. ಅನ್ನದೆ ಹೋದರೆ ಈ ಮನೆಯೂ ಇಲ್ಲ, ಅಣ್ಣನ ಎರಡು ವರ್ಷದ ಓಡಾಟವೂ ನೀರುಪಾಲು, ಹಟ್ಟಿಯವರು ತನ್ನನ್ನು ಬೇಲಿಯ ಹತ್ತಿರವೂ ಸೇರಿಸಲಿಕ್ಕಿಲ್ಲ. ಅತ್ತಿಗೆಗೆ ಮಾತ್ರ ಎರಡರಲ್ಲೂ ಗುಡ್ಲು ತಪ್ಪಿದ್ದಲ್ಲ, ಯಾರಾದರೂ ಈ ತಿಂಗಳೊಳಗೆ ಬೇಲಿಯ ಬಾಗಿಲು ತೆರೆಸದ ಹೊರತು. ಅದನ್ನು ತೆರೆಸುವ ಅಧಿಕಾರ ಇರುವ ಮನುಷ್ಯ ಎದುರಿಗೇ ನಿಂತಿದ್ದ. ಕೇಳುತ್ತಲೂ ಇದ್ದ.

ಅವಳು ಕೆಳಗೆ ನೋಡಿದಳು. ಹುಚ್ಚಕ್ಕ ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದು ತಣ್ಣನೆಯ ನೆಲದ ಮೇಲೆ ಇಟ್ಟುಕೊಂಡಿದ್ದಳು. ಸಭೆಯ ಕಡೆಗೆ ಅವಳ ಲಕ್ಷ್ಯವೇ ಇರಲಿಲ್ಲ. ಒಳಗಿನ ಕೂಸು ಒದ್ದಿರಬೇಕು, ಅಂಗೈಯನ್ನು ಅಲ್ಲಿಗೆ ಒತ್ತಿ ಹಿಡಿದಿದ್ದಳು.

ಗಿರಿಯಮ್ಮ ಹರಿವಾಣವನ್ನು ರಟ್ಟಿನ ಮನೆಯ ಪಕ್ಕ ಮೇಜಿನ ಮೇಲಿಟ್ಟಳು. ಮೈಕು ಅವಳ ಬಾಯಿಗಿಂತ ಎತ್ತರದಲ್ಲಿತ್ತು. ಹಿಮ್ಮಡಿ ಎತ್ತಿ ನಿಂತಳು.

"ನಮ್ಮನೆ ಇದ್ರಲ್ಲಿ ಇಲ್ಲ ಸಾರ್. ನಮ್ಮನೆ ಬೇಲಿ ಒಳಗೈತೆ, ಇದನ್ನ ಬೇಲಿ ಆಚೆಗೆ ಕಟ್ತಾರೆ," ಎಂದಳು. "ನಮ್ಮತ್ತಿಗೆ ಒಳಗೇ ಹೆರಬೇಕು."